ನೆಟ್ಟಗಿದ್ದ ನಾಲಿಗೆ

ಲಕ್ವ ಹೊಡೆದ ದಿನದಿಂದ ವಿಮಲಾಕ್ಷಿಗೆ ಮಾತು ನಿಂತುಹೋಗಿತ್ತು. ಆಸ್ಪತ್ರೆಗಳೆಲ್ಲ ಮುಗಿದ ಮೇಲೆ ಗಂಡ ಅವಳನ್ನು ಚೀನೀ ಪದ್ಧತಿಯ ವೈದ್ಯೆಯ ಬಳಿ ಕರೆತಂದ.

"ಹೇಗಾದ್ರೂ ಮಾಡಿ ಮಾತು ಬರ್ಸಿ ಮೇಡಂ. ಇವಳ ದನಿ ಇಲ್ದೆ ಮನೆ ಬಿಕೋ ಅಂತಿದೆ."

"ನಾಲಿಗೆ ಚಾಚಿ ಅಮ್ಮ," ಎಂದರು ವೈದ್ಯೆ.

ಲಕ್ವದಿಂದ ಮಾತು ಹೋದವರ ನಾಲಿಗೆ ಒಂದು ಕಡೆಗೆ ವಾಲುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ವಿಮಲಾಕ್ಷಿಯದು ನೆಟ್ಟಗೆ ಹೊರಬಂತು. ನಡುಗಲೂ ಇಲ್ಲ.

ವೈದ್ಯೆ ಗಂಡನನ್ನು ಹೊರಗೆ ಕೂರಲು ಹೇಳಿ ಬಾಗಿಲು ಮುಚ್ಚಿದರು. "ನಿಮಗೆ ಮಾತು ವಾಪಸ್ ಬಂದಿದೆ, ಅಲ್ವಾ?"

ವಿಮಲಾಕ್ಷಿ ಬಾಗಿಲನ್ನೇ ನೋಡುತ್ತ ಪಿಸುಗುಟ್ಟಿದಳು:

"ಅವರಿಗೆ ಹೇಳ್ಬೇಡಿ ಡಾಕ್ಟ್ರೇ. ಎದುರು ಮಾತಾಡ್ತೀನಿ ಅಂತ ದಿನಾ ಹೊಡೀತಿದ್ರು. ಮಾತು ಹೋದಾಗಿಂದ ಒಂದೇಟೂ ಬಿದ್ದಿಲ್ಲ."