ಜ್ವರದಕ್ಕನ ಹಾಸಿಗೆ

ಡ್ರಿಪ್ ಬಾಟಲಿಯನ್ನು ಆ ಪುಣ್ಯಾತ್ಮರು ನೆಲದ ಮೇಲಿಟ್ಟರು. ಇಟ್ಟುಕೊಳ್ಳಲಿ, ಆಟ ತಾನೇ, ತನ್ನ ಗಂಟೇನು ಹೋಗುತ್ತೆ ಅಂತ ಸಿಸ್ಟರ್ ಸುಮ್ಮನೆ ಬಿದ್ದುಕೊಂಡಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ವರ್ಷಗಟ್ಟಲೆ ವಾರ್ಡಿನಲ್ಲಿ ಪಳಗಿದ ಹಾಳು ನಾಲಿಗೆ, ಕೇಳಬೇಕಲ್ಲ!

"ಅಯ್ಯಯ್ಯೋ, ಬಾಟಲಿ ಮೇಲೆ ನೇತುಹಾಕ್ರೀ! ರಕ್ತ ವಾಪಸ್ ಬರುತ್ತೆ! ಟ್ಯೂಬಲ್ಲಿ ಗಾಳಿ ಇದೆಯಾ ನೋಡಿದ್ರಾ? ಮೊದಲು ಕೈ ತೊಳೆದ್ರಾ ನೀವು?"

ಇಯರ್‌ಫೋನಿನಲ್ಲಿ ಒಮ್ಮೆಗೇ ಸದ್ದಡಗಿತು.

ಆಟ ಇಷ್ಟೇ. ಮೊಬೈಲಿನಲ್ಲೊಂದು ಊರು. ಎಲ್ಲೆಲ್ಲಿಂದಲೋ ಬಂದವರು ಸೇರಿ ಕಟ್ಟಿಕೊಂಡದ್ದು. ಅದಕ್ಕೆ ಧಣಿ ಅಂತ ಯಾರೂ ಇಲ್ಲ, ಏನೇ ಬಂದರೂ ಎಲ್ಲರೂ ಸೇರಿ ಕೈಯೆತ್ತಿ ತೀರ್ಮಾನ ಮಾಡುತ್ತಾರೆ. ಒಳಗೆ ಬಂದವರು ಒಂದೊಂದು ವೇಷ ಹಾಕಬೇಕು, ಹಾಕಿದ ಮೇಲೆ ಅದರಂತೆಯೇ ಮಾತಾಡಬೇಕು. ಪೊಲೀಸು, ಮೇಯರು ಆಗಲು ನಾ ಮುಂದು ತಾ ಮುಂದು. ಆಸ್ಪತ್ರೆಯಲ್ಲಂತೂ ಡಾಕ್ಟರುಗಳು, ನರ್ಸುಗಳು ಕಿಕ್ಕಿರಿದಿದ್ದರು, ಮಲಗುವುದಕ್ಕೆ ಮಾತ್ರ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. ಸಿಸ್ಟರ್ ಹೋಗಿ "ನಾನು ರೋಗಿ, ನಂಗೆ ಜ್ವರ" ಅಂದಾಗ ಅವರೆಲ್ಲ ಆಕೆಯನ್ನು ಹೆಚ್ಚುಕಮ್ಮಿ ಹೊತ್ತುಕೊಂಡೇ ಹೋದರು. ಅವತ್ತಿನಿಂದ ಆ ಊರಿಗೆಲ್ಲ ಆಕೆ ಜ್ವರದಕ್ಕ. ಎಷ್ಟು ವಾರ ಕಳೆದರೂ ಜ್ವರ ಇಳಿಯುವ ಲಕ್ಷಣವಿರಲಿಲ್ಲ, ಇಳಿಸಿಕೊಳ್ಳುವ ಇರಾದೆ ಆಕೆಗೂ ಇರಲಿಲ್ಲ.

ಹೇಗಿರುತ್ತೆ ಹೇಳಿ? ಬೆಳಗಿನಿಂದ ವಾರ್ಡಿನ ಮೂಲೆಮೂಲೆಯಿಂದಲೂ "ಸಿಸ್ಟರ್, ಸಿಸ್ಟರ್" ಅನ್ನುವ ಕೂಗು. ಮನೆಗೆ ಬಂದರೆ ಅತ್ತೆಯ ಮಾತ್ರೆ, ಗಂಡನ ಕಾಣೆಯಾದ ಕನ್ನಡಕ, ಸಿಂಕಿನ ತುಂಬ ಪಾತ್ರೆ. ನಿನಗೆ ಹೇಗಿದೆ ಅಂತ ಒಬ್ಬರಾದರೂ ಕೇಳಿದ್ದು ಯಾವಾಗ ಅಂತ ಯೋಚಿಸಿದರೆ ಆಕೆಗೆ ನೆನಪಿಗೇ ಬರುತ್ತಿರಲಿಲ್ಲ. ಆ ಊರಲ್ಲಿ ಹಾಗಲ್ಲ. ಡಾಕ್ಟರಣ್ಣ ಬಂದು ಹಣೆ ಮುಟ್ಟಿ, "ಹೇಗಿದೀರಕ್ಕಾ? ರಾತ್ರಿ ನಿದ್ದೆ ಬಂತಾ?" ಅನ್ನುತ್ತಿದ್ದ. ಅವನ ಮಾತಿನ ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು, ದರ್ಜಿಯಿರಬೇಕು ಪಾಪ. ಪುಟ್ಟ ನರ್ಸು ಅಂತೊಬ್ಬಳು ದಿಂಬು ಸರಿಮಾಡುತ್ತಿದ್ದಳು. ಸಿಸ್ಟರ್‌ಗೆ ಅಷ್ಟಕ್ಕೇ ಕಣ್ಣು ಒದ್ದೆಯಾಗುತ್ತಿತ್ತು.

"ಅಲ್ಲ ಕಣೇ, ದಿನವೆಲ್ಲ ಆಸ್ಪತ್ರೆಲಿ ಸಾಯ್ತೀಯ. ಮನೆಗೆ ಬಂದೂ ಅದೇ ಆಸ್ಪತ್ರೆನಾ?" ಅಂತ ಗಂಡ ಒಮ್ಮೆ ನಕ್ಕಿದ್ದ.

"ಅಲ್ಲಿ ನಾನು ಮಲಗಿರ್ತೀನಿ ರೀ."

ಅವನಿಗೆ ಅರ್ಥವಾಗಲಿಲ್ಲ. ಟೀ ಇದೆಯಾ ಅಂತ ಕೇಳಿ ಆಚೆ ಹೋಗಿದ್ದ.

ಈಗ ಸದ್ದಡಗಿದ ಆಸ್ಪತ್ರೆಯಲ್ಲಿ ಡಾಕ್ಟರಣ್ಣನೇ ಮೊದಲು ಬಾಯಿಬಿಟ್ಟ. ಹೊಲಿಗೆ ಮೆಷಿನ್ನೂ ನಿಂತಿತ್ತು.

"ಅಕ್ಕಾ, ನೀವು ಹೊರಗಡೆ... ನಿಜವಾದ ಸಿಸ್ಟರಾ?"

"ಛೇ ಛೇ, ಇಲ್ಲಪ್ಪ. ಯಾರೋ ಹೇಳ್ತಿದ್ರು, ಕೇಳಿಸ್ಕೊಂಡಿದ್ದೆ ಅಷ್ಟೇ."

"ಸುಳ್ಳು!" ಅಂದಳು ಪುಟ್ಟ ನರ್ಸು. "ನಮ್ಮಮ್ಮನ್ನ ಅಡ್ಮಿಟ್ ಮಾಡಿದ್ದಾಗ ಅಲ್ಲಿನ ಸಿಸ್ಟರ್ ಥೇಟ್ ಹೀಗೇ ಬಯ್ತಿದ್ರು!"

ಮುಗಿಯಿತು. ಬಲ್ಲವರು ಸಿಕ್ಕಿದರೆ ಆ ಕೆಲಸ ಅವರಿಗೇ ಅನ್ನುವುದು ಆ ಊರವರೇ ಮಾಡಿಕೊಂಡ ನಿಯಮ. ಗಂಟೆ ಬಾರಿಸಿದರು. ಪೊಲೀಸಿನಿಂದ ಹಿಡಿದು ಮೇಯರ್‌ವರೆಗೆ ಎಲ್ಲ ಓಡಿಬಂದು ಮಂಚದ ಸುತ್ತ ನಿಂತರು.

"ನನಗಿನ್ನೂ ಜ್ವರ ಇದೆ ಕಣ್ರಪ್ಪಾ," ಅಂತ ಸಿಸ್ಟರ್ ಗೋಗರೆದಳು. "ತಲೆಯೆತ್ತೋಕಾಗ್ತಿಲ್ಲ."

"ಜ್ವರ ಬಿಟ್ಟಾಯ್ತಕ್ಕಾ! ಡಾಕ್ಟರು ನಾನೇ ಹೇಳ್ತಿದೀನಲ್ಲ!"

ಕೈಗಳೆಲ್ಲ ಮೇಲೆದ್ದವು, ಒಂದೂ ಕೆಳಗಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಪ್ರೀತಿಯಿಂದಲೇ ಮಾಡಿದರು ಪಾಪ, ಬಯ್ಯುವಂತೆಯೂ ಇಲ್ಲ. ಪರದೆಯ ಮೇಲೆ ಆಕೆಯ ಮೈಗೆ ಬಿಳಿ ಸಮವಸ್ತ್ರ ಬಂತು, ಬೆನ್ನ ಹಿಂದೆ ಮಂಚ ಖಾಲಿಯಾಯಿತು. ಅರೆಗಳಿಗೆ ಕಳೆದಿರಲಿಲ್ಲ, ಮೂಲೆಯಿಂದ ಯಾರೋ "ಹೆಡ್ ಸಿಸ್ಟರ್, ಸ್ವಲ್ಪ ಬರ್ತೀರಾ?" ಅಂದರು. ಇನ್ನೊಂದು ಕಡೆಯಿಂದ "ಹೆಡ್ ಸಿಸ್ಟರ್, ಇದೆಲ್ಲಿಡಲಿ?" ಅಂತ ಕೂಗಿದರು. ಅಭ್ಯಾಸಬಲ ನೋಡಿ, "ಬಂದೆ ಬಂದೆ" ಅಂದುಬಿಟ್ಟಳು. ಆಮೇಲೆ ಫೋನನ್ನು ಬೋರಲು ಹಾಕಿ ಅತ್ತಳು.

ಮಾರನೆಯ ಸಂಜೆ ಕೆಲಸದಿಂದ ಬಂದವಳೇ ಬಾತುಕೊಂಡ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಳಿಸಿ ಕೂತಳು. ಹಳೆಯ ಹೆಸರು ಅಳಿಸಿ, ಹೊಸಬಳಾಗಿ ಅದೇ ಊರಿಗೆ ಹೋದಳು. ಮತ್ತೆ ಜ್ವರ ಅಂದರೆ ಗುರುತು ಹಿಡಿದಾರು. ಆದ್ದರಿಂದ ಬಲಗಾಲು ಮುರಿದುಕೊಂಡು, ದನಿ ಗುರುತು ಸಿಗದಿರಲಿ ಅಂತ ಬಾಯಿಗೆ ಸೆರಗು ಅಡ್ಡ ಹಿಡಿದು, ಆಸ್ಪತ್ರೆಯ ಬಾಗಿಲಲ್ಲಿ ನರಳಿದಳು.

"ರೋಗಿ ಬಂದ್ರು, ರೋಗಿ ಬಂದ್ರು!" ಎಲ್ಲರೂ ಎದ್ದುಬಿದ್ದು ಓಡಿಬಂದರು. ಎತ್ತಿ ಮಲಗಿಸಿದರು. ಪುಟ್ಟ ನರ್ಸು ದಿಂಬು ಸರಿಮಾಡಿದಳು.

"ಹೆದರಬೇಡಿ ಅಮ್ಮಾ, ನಾವೆಲ್ಲ ಇದೀವಿ," ಅಂದ ಡಾಕ್ಟರಣ್ಣ. "ತುಂಬಾ ನೋಯ್ತಿದೆಯಾ?"

"ತುಂಬಾ," ಅಂದಳು ಸಿಸ್ಟರ್. ಅಷ್ಟು ನಿಜ ಆಕೆ ಯಾರಿಗೂ ಹೇಳಿರಲಿಲ್ಲ.

ಎಲ್ಲರೂ ಸೇರಿ, ಬಲು ಅಕ್ಕರೆಯಿಂದ, ಎಡಗಾಲಿಗೆ ಬ್ಯಾಂಡೇಜು ಸುತ್ತತೊಡಗಿದರು. ಸಿಸ್ಟರ್ ತುಟಿಪಿಟಕ್ಕೆನ್ನಲಿಲ್ಲ.