ಖಾಲಿ ಬಯಲು

ಗಡಿಯಾಚೆಯ ಖಾಲಿ ಬಯಲಿಗೆ ದಿನವೂ ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ ಒಂದು ಫಿರಂಗಿ ಗುಂಡು ಹಾರಿಸಬೇಕೆಂದು ಕರ್ನಲ್ ಸಾಹೇಬರ ಹುಕುಂ. ಯುದ್ಧವೇನೂ ಇರಲಿಲ್ಲ. ಸಾಹೇಬರಿಗೆ ಮೀಸೆಯಿತ್ತು, ಅದನ್ನು ತಿರುವಲು ಒಂದು ನೆಪ ಬೇಕಿತ್ತು, ಅಷ್ಟೆ.

"ಸಾರ್, ಯಾರಿಗಾದ್ರೂ ತಗುಲಿದ್ರೆ?" ಎಂದು ಹವಾಲ್ದಾರ ಮೊದಲ ದಿನವೇ ಕೇಳಿದ್ದ.

"ಕೊಲ್ಲೋಕಲ್ಲ ಕಣಯ್ಯಾ, ಹೆದರ್ಸೋಕೆ. ದುರ್ಬೀನಲ್ಲಿ ನೋಡು, ಒಂದು ನರಪಿಳ್ಳೆ ಇದೆಯಾ?"

ಇರಲಿಲ್ಲ. ಇಪ್ಪತ್ತು ದಿನವೂ ಹವಾಲ್ದಾರ ನೋಡಿಯೇ ಹಾರಿಸಿದ. ಒಂದು ದಿನವೂ ಯಾರೂ ಕಾಣಲಿಲ್ಲ.

ಇಪ್ಪತ್ತೊಂದನೆಯ ದಿನ ಸಾಹೇಬರ ಶೌರ್ಯವನ್ನು ಚಿತ್ರೀಕರಿಸಲು ಟಿ.ವಿ.ಯವರು ಬಂದರು. ಅವರ ಉಪ್ಪಿಟ್ಟು ಕಾಫಿ ಮುಗಿದು, ಸಾಹೇಬರು ಮೀಸೆಗೆ ಎಣ್ಣೆ ಹಚ್ಚಿ, ದುರ್ಬೀನನ್ನು ಕೊರಳಿಗೆ ಹೂಮಾಲೆಯಂತೆ ಹಾಕಿಕೊಂಡು ನಿಲ್ಲುವಷ್ಟರಲ್ಲಿ ಹನ್ನೊಂದೂವರೆಯಾಯಿತು.

"ಸಾರ್, ದುರ್ಬೀನು ಒಂದ್ನಿಮಿಷ ಕೊಡಿ..."

"ದಿನಾ ನೋಡಿರೋ ಬಯಲಲ್ಲಿ ಇನ್ನೇನು ನೋಡ್ತೀಯೋ? ಹಾರ್ಸು!"

ಹವಾಲ್ದಾರ ಹಾರಿಸಿದ. ಕ್ಯಾಮೆರಾ ಮೀಸೆಯ ಮೇಲಿತ್ತು.

ಮಧ್ಯಾಹ್ನ ಆಚೆಯಿಂದ ಒಬ್ಬ ಮುದುಕ ಬಿಳಿ ಬಾವುಟ ಹಿಡಿದು ಬೇಲಿಯವರೆಗೆ ಬಂದು, ಒಂದು ಚೀಟಿ ಕೊಟ್ಟು ಹೋದ. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

"ಶರಣಾಗ್ಬಿಟ್ರು ನೋಡ್ರೀ! ಏಯ್, ಕ್ಯಾಮೆರಾ ಮುಂದೆ ಜೋರಾಗಿ ಓದಯ್ಯಾ."

ಹವಾಲ್ದಾರ ಚೀಟಿ ಬಿಡಿಸಿದ. ಯಾರೋ ಮೇಷ್ಟರ ದುಂಡನೆಯ ಅಕ್ಷರ.

"ನಿಮ್ಮ ಗುಂಡು ಬೀಳುವುದು ನಮ್ಮ ಶಾಲೆಯ ಆಟದ ಬಯಲಿಗೆ. ದಿನಾ ಹನ್ನೊಂದಕ್ಕೆ ಮುಂಚೆಯೇ ಮಕ್ಕಳನ್ನು ಒಳಗೆ ಕರೆದು ಕೂರಿಸುತ್ತಿದ್ದೆವು. ಇವತ್ತು ಹನ್ನೊಂದೂಕಾಲಾದರೂ ಸದ್ದಾಗಲಿಲ್ಲ. ಅಂತೂ ನಿಮಗೆ ಬುದ್ಧಿ ಬಂತು ಅಂದುಕೊಂಡು ಆಟಕ್ಕೆ ಬಿಟ್ಟೆವು."