ಜೋಳದ ಹೊಲದಲ್ಲಿ ಮುರಿದ ಬಳೆ

ಅಂಗಡಿಯಲ್ಲಿ ಗಾಜಿನ ಬಳೆ ಚಟ್ಟೆಂದು ಒಡೆದರೆ ನನಗೆ ಈಗಲೂ ಗೊರೇಬಾಳದ ಆ ಭಾನುವಾರ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ.

ಓಣಿಗೆಲ್ಲ ನಮ್ಮದೊಂದೇ ಟಿವಿ. ಯುದ್ಧದ ಧಾರಾವಾಹಿಯಲ್ಲಿ ಒಬ್ಬಳು ಗಂಡನೊಂದಿಗೆ ಶತ್ರುಗಳ ಸೀಮೆ ದಾಟುತ್ತ ಪೊದೆಯಲ್ಲಿ ಅಡಗಿದ್ದಳು. ಸಪ್ಪಳವಾಗಬಾರದೆಂದು ಬಳೆಗಳನ್ನು ಕಲ್ಲಿಗೆ ಬಡಿದು ಒಡೆದುಕೊಂಡಳು.

“ಅಯ್ಯ ಶಿವನೇ, ಗಂಡ ಸತ್ತಾಕಿ ಮಾಡೋ ಕೆಲಸ!” ಎಂದರು ನೋಡುತ್ತಿದ್ದ ಹೆಂಗಸರು.

ಶೇಂಗಾ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ಹಂಗ ಬಡದ್ರ ಊರಿಗೆಲ್ಲ ಕೇಳ್ತೈತಿ. ರಜಾಕಾರರು ಊರು ಲೂಟಿ ಮಾಡೋ ಗದ್ಲದಾಗ ನಾ ಜ್ವಾಳದ ಹೊಲದಾಗ ಕುಂತು, ಸೆರಗು ಸುತ್ತಿ ಒಂದೊಂದ ಮುರದಿದ್ದೆ.”

ಎಲೆ ಅಡಿಕೆ ಅಗಿಯುತ್ತಿದ್ದ ಅಜ್ಜನ ಬಾಯಿ ನಿಂತಿತು. “ಹಳ್ಳದಾಗ ಬಿದ್ದು ಒಡದ್ವು ಅಂದಿದ್ದೆಲ್ಲಬೇ?”

“ಖರೆ ಹೇಳಿದ್ರ ನಿಮ್ಮವ್ವ ನನ್ನ ಮನಿಯಾಗ ಬಿಟ್ಕೊಂತಿದ್ಲೇನು?”

ಟಿವಿಯಲ್ಲಿ ಗುಂಡು ಹಾರುತ್ತಿದ್ದವು. ಯಾರೂ ನೋಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಹೋಗುವಾಗ ಹಿರೇಮುತ್ತೈದೆಯೆಂದು ಅಜ್ಜಿಯ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳುವುದು ಅವರ ರೂಢಿ. ಅವತ್ತು ಒಬ್ಬಳೂ ಹತ್ತಿರ ಬರಲಿಲ್ಲ. ಅಜ್ಜಿಯ ಕೈಯಲ್ಲಿ ಶೇಂಗಾ ಹಾಗೇ ಉಳಿಯಿತು.

ಅಜ್ಜ ಕುಂಕುಮದ ಭರಣಿ ಹಿಡಿದು ಬಾಗಿಲಿಗೆ ಓಡಿದ. “ನಿಲ್ರೆವ್ವಾ, ನಾ ಇನ್ನಾ ಸತ್ತಿಲ್ಲ! ಹಚ್ಚಿಸ್ಕೊಂಡು ಹೋಗ್ರಿ!”

ಯಾರೂ ತಿರುಗಿ ನೋಡಲಿಲ್ಲ.